ನರ ಅಂದರೆ ಅದೊಂದೇ ಅಲ್ಲ

ಬಸವಕಲ್ಯಾಣದಲ್ಲಿ 'ನರ' ಎಂಬ ಶಬ್ದವನ್ನು ನಾಲ್ಕು ಜನರ ಮುಂದೆ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಅದಕ್ಕೆ ಅರ್ಧ ಕಾರಣ ವಿಜಯಶ್ರೀಯ ಗಂಡ ಪೇಂಟರ್ ಗುರುಶಾಂತನೇ.

ತೊಂಬತ್ತರ ದಶಕದಲ್ಲಿ ಕಲ್ಯಾಣ, ಹುಮನಾಬಾದ್, ಹುಲಸೂರ ಈ ಮೂರು ಊರಲ್ಲಿ ಗೋಡೆಯ ಮೇಲೆ ಏನಾದರೂ ಬರೆಸಬೇಕೆಂದರೆ ಅವನನ್ನೇ ಕರೆಯಬೇಕಿತ್ತು. ಬೀಜದಂಗಡಿಯ ಬೋರ್ಡು, ಟ್ರಾಲಿಯ ಹಿಂದಿನ ಹೆಸರು, ಶಾಲೆಯ ಗೋಡೆಯ ನುಡಿಮುತ್ತು, ಎಲ್ಲ ಅವನದೇ. ಇವುಗಳ ಜೊತೆಗೆ ತಿಂಗಳಿಗೊಮ್ಮೆ ಹುಮನಾಬಾದಿನ ಲಾಡ್ಜಿಗೆ ಬಂದು ಕೂರುತ್ತಿದ್ದ ವೈದ್ಯನೊಬ್ಬನ ಜಾಹೀರಾತೂ ಇತ್ತು. ಹಳದಿ ಬಣ್ಣದ ಮೇಲೆ ಮೊಳದುದ್ದದ ಕೆಂಪು ಅಕ್ಷರ: 'ನರಗಳ ದೌರ್ಬಲ್ಯವೇ? ಚಿಂತೆ ಬಿಡಿ. ಸುಪ್ರಸಿದ್ಧ ನರತಜ್ಞರನ್ನು ಕಾಣಿರಿ. ಗೋಪ್ಯತೆ ಕಾಪಾಡಲಾಗುವುದು.' ಮದುವೆಯಾದ ಗಂಡಸಿಗೆ ಬರುವ ಯಾವ ತೊಂದರೆಯ ಮಾತಿದು ಎಂದು ಓದಲು ಬಾರದವರಿಗೂ ಗೊತ್ತಿತ್ತು. ಬಸ್ಸಿನ ಕಿಟಕಿಯಿಂದ ಮಕ್ಕಳು ಅದನ್ನು ಅಕ್ಷರ ಕೂಡಿಸಿ ಓದತೊಡಗಿದರೆ ತಾಯಂದಿರು ಅವರ ತಲೆ ಒಳಗೆಳೆದುಕೊಳ್ಳುತ್ತಿದ್ದರು. ಗುರುಶಾಂತ ಮಾತ್ರ ಸ್ವಲ್ಪವೂ ನಾಚಿಕೊಂಡವನಲ್ಲ. "ನಂಗೇನಾಗಬೇಕು? 'ದೌ' ಅನ್ನೋ ಅಕ್ಷರ ಹ್ಯಾಂಗ ನಿಂತದ ನೋಡು" ಎಂದು ಹೆಂಡತಿಗೆ ಬಸ್ಸಿನಲ್ಲೇ ತೋರಿಸುತ್ತಿದ್ದ. ವಿಜಯಶ್ರೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಅವಳು ಹಳ್ಳಿಖೇಡದವಳು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರ ಮಗಳು, ಮ್ಯಾಟ್ರಿಕ್ ಪಾಸಾದವಳು, ಮನೆಯಲ್ಲಿ ಕೂತು ಬ್ಲೌಸ್ ಹೊಲಿಯುತ್ತಿದ್ದಳು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬ್ಲೌಸಿನ ಅಳತೆ ಕೊಡಲು ಬಂದವರೆಲ್ಲ ಅವಳ ಹೊಟ್ಟೆಯ ಅಳತೆಯನ್ನೂ ಕಣ್ಣಲ್ಲೇ ತೆಗೆದುಕೊಂಡು ಹೋಗುತ್ತಿದ್ದರು. ಅತ್ತೆ ಸೂಗಮ್ಮ ಒಳ್ಳೆಯವಳು. ಆದರೆ ನಾಲಿಗೆಗೆ ಅಗಳಿ ಹಾಕಿ ಗೊತ್ತಿರದ ಹೆಂಗಸು. "ನಮ್ಮ ಗುರ್ಯಾನ ಕೈಯಾಗ ಬಣ್ಣದ ವಾಸನಿ ಅದ, ಅದಕ್ಕ ತಡಾ ಆಗಾಕತ್ತದ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಗುರುಶಾಂತ ಮೇಲೆ ನಗುತ್ತಿದ್ದ. ಒಳಗೆ ಅವನಿಗೆ ಎಷ್ಟು ಚುಚ್ಚುತ್ತಿತ್ತು ಎಂಬುದು ವಿಜಯಶ್ರೀಗೆ ಮಾತ್ರ ಗೊತ್ತಿತ್ತು.

ತೊಂಬತ್ತೆಂಟರ ದಸರೆ ಮುಗಿದ ಮೇಲೆ ಅವನಿಗೆ ಮೂರು ದಿನ ಭೇದಿಯಾಯಿತು. ಮುಡಬಿಯ ಮದುವೆಯೊಂದರಲ್ಲಿ ಉಂಡದ್ದು ಎಂದುಕೊಂಡರು, ತಾನಾಗಿ ನಿಂತಿತು. ಹತ್ತು ದಿನದ ನಂತರ ಒಂದು ಮಂಗಳವಾರ ಹುಮನಾಬಾದಿನಲ್ಲಿ ಬೋರ್ಡು ಬರೆಯುತ್ತ ಏಣಿಯ ಮೇಲಿದ್ದಾಗ ಎರಡೂ ಪಾದಗಳಿಗೆ ಜೋಮು ಹಿಡಿಯಿತು. ಇಳಿದು, ಝಾಡಿಸಿ, ಮತ್ತೆ ಹತ್ತಿದ. ಜೋಮು ಬಿಡಲಿಲ್ಲ. ಮರುದಿನ ಬುಧವಾರ ಬೆಳಿಗ್ಗೆ ಚಪ್ಪಲಿಯಲ್ಲಿ ಬೆರಳು ಸರಿಯಾಗಿ ಹೊಗಲಿಲ್ಲ. ಅರ್ಧ ಬರೆದ ಬೋರ್ಡು ಮುಗಿಸಿ ಬರುತ್ತೇನೆಂದು ಹೇಳಿ ಅವನು ಮತ್ತೆ ಹುಮನಾಬಾದಿಗೆ ಹೋದ. ಸಂಜೆ ಬಸ್ಸಿನಿಂದ ಇಳಿದವನು ಗೋಡೆ ಹಿಡಿದು ನಡೆಯುತ್ತ ಬಂದ.

"ಏನಾತ್ರಿ?" ಎಂದಳು ವಿಜಯಶ್ರೀ.

"ಏನಿಲ್ಲ. ಏಣಿ ಮ್ಯಾಲಿಂದ ಕಾಲ ಜಾರಿ ಉಳಕ್ಯಾದ" ಎಂದ. ಎರಡೂ ಕಾಲು ಒಂದೇ ಸಲ ಉಳುಕಲು ಸಾಧ್ಯವೇ ಎಂದು ಅವಳು ಕೇಳಬಹುದಿತ್ತು. ಅವನ ಮುಖ ನೋಡಿ ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಅಂಗಿ ಒಗೆಯಲು ತೆಗೆದುಕೊಂಡಾಗ ಜೇಬಿನಲ್ಲಿ ನಾಲ್ಕು ಮಡಿಕೆಯ ಚೀಟಿ ಸಿಕ್ಕಿತು. ಹುಮನಾಬಾದಿನ ಡಾಕ್ಟರೊಬ್ಬರದು. ಮೇಲಿನದೆಲ್ಲ ಇಂಗ್ಲಿಷಿನ ಗೀಚು. ರೋಗಿಗೆ ತಿಳಿಯಲಿ ಎಂದು ಆ ಪುಣ್ಯಾತ್ಮ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆದಿದ್ದರು: 'ನರಗಳ ದೌರ್ಬಲ್ಯ. ತಡ ಮಾಡದೆ ಸೋಲಾಪುರದಲ್ಲಿ ನರತಜ್ಞರನ್ನು ಕಾಣುವುದು.'

ವಿಜಯಶ್ರೀ ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟಳು. ಗೋಡೆಗಳ ಮೇಲೆ ನೂರು ಸಲ ಓದಿದ ಮಾತು ಅದು. ತನಗೆ ತಿಳಿಯದಂತೆ, ಕಲ್ಯಾಣದವರ ಕಣ್ಣು ತಪ್ಪಿಸಿ, ಪಕ್ಕದ ಊರಿಗೆ ಹೋಗಿ ಈ ಮನುಷ್ಯ ಮಕ್ಕಳಾಗದ ವಿಷಯ ತೋರಿಸಿಕೊಂಡು ಬಂದಿದ್ದಾನೆ ಎಂದೇ ಅವಳು ತಿಳಿದಳು. ಕಾಲುಳುಕು, ಬೋರ್ಡು ಎಲ್ಲ ಅದನ್ನು ಮುಚ್ಚಲು ಹೇಳಿದ ಸುಳ್ಳು. ಅವಳಿಗೆ ಸಿಟ್ಟು ಬರಲಿಲ್ಲ, ಅಳು ಬಂತು. ಎಷ್ಟು ಸಂಕಟಪಟ್ಟಿರಬೇಕು ಪಾಪ! ತಾನು ಈ ಚೀಟಿ ನೋಡಿದೆನೆಂದು ಗೊತ್ತಾದರೆ ತಲೆ ಎತ್ತಿ ನಡೆಯಲಾರ. ಹಾಗಂದುಕೊಂಡು ಚೀಟಿಯನ್ನು ಅದೇ ನಾಲ್ಕು ಮಡಿಕೆ ಮಾಡಿ, ಅಂಗಿಯನ್ನು ಒಗೆಯದೆ, ಗೂಟಕ್ಕೆ ತೂಗುಹಾಕಿದಳು. ಗಂಡನ ಮಾನ ಉಳಿಸಿದೆ ಎಂದು ಅವಳಿಗೆ ಅನಿಸಿತ್ತು.

ಗುರುಶಾಂತನ ಲೆಕ್ಕವೂ ಅದೇ. ಕಾಲಿನ ಜೋಮಿಗೂ ತನ್ನ ಕೆಂಪು ಅಕ್ಷರಕ್ಕೂ ಏನು ಸಂಬಂಧ ಎಂದು ಅವನಿಗೂ ತಿಳಿದಿರಲಿಲ್ಲ. ಡಾಕ್ಟರು ಬಾಯಿಬಿಟ್ಟು ಹೇಳಿದ್ದರಂತೆ, ಇದು ಮೇಲಕ್ಕೆ ಏರುತ್ತದೆ, ಇವತ್ತೇ ಹೊರಡು ಎಂದು. ಆದರೆ 'ನರ' ಎಂಬ ಶಬ್ದ ಕಿವಿಗೆ ಬಿದ್ದಮೇಲೆ ಮುಂದಿನದು ಅವನಿಗೆ ಕೇಳಿಸಿರಲಿಲ್ಲ. ಮನೆಯಲ್ಲಿ ಹೇಳಿದರೆ ಅವ್ವನ ನಾಲಿಗೆಯಿಂದ ಸಂಜೆಯೊಳಗೆ ಓಣಿಗೆ, ಓಣಿಯಿಂದ ಹಳ್ಳಿಖೇಡದ ಬೀಗರಿಗೆ. ಎರಡು ದಿನ ನೋಡೋಣ, ತಾನಾಗಿ ಹೋದರೆ ಹೋಯಿತು ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಅವನಿಗೆ ಎದ್ದು ನಿಲ್ಲಲಾಗಲಿಲ್ಲ. ಸಂಜೆಗೆ ಕೈಯಿಂದ ಲೋಟ ಜಾರಿತು. ಸೂಗಮ್ಮ ಬಂದು ನೋಡಿ, "ಗಾಳಿ ಬಡದದ, ಲಕ್ವಾ ಇದು" ಎಂದು ತೀರ್ಪು ಕೊಟ್ಟಳು. ಲಕ್ವಾದವರಿಗೆ ಗಾಳಿ ಸೋಕಬಾರದೆಂದು ಕಿಟಕಿಗೆ ಗೋಣಿಚೀಲ ಬಡಿದು, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಬೆಳ್ಳುಳ್ಳಿ ಕಾಸಿದ ಎಣ್ಣೆ ತಿಕ್ಕತೊಡಗಿದಳು. ವಿಜಯಶ್ರೀ ಆ ಉಸಿರುಗಟ್ಟುವ ಕೋಣೆಯಲ್ಲಿ ಗಂಡನ ಪಾದ ಹಿಡಿದು ಕೂತಳು. ಗೂಟದ ಮೇಲಿನ ಅಂಗಿ ಅವಳ ಕಣ್ಣೆದುರೇ ಇತ್ತು. ಅದರೊಳಗಿನ ಚೀಟಿಗೂ ಈ ಬಿದ್ದ ಕಾಲಿಗೂ ಅವಳ ತಲೆಯಲ್ಲಿ ಗಂಟು ಬೀಳಲೇ ಇಲ್ಲ. ಅದೇ ಬೇರೆ ರೋಗ, ಇದೇ ಬೇರೆ.

ಶುಕ್ರವಾರ ಬೆಳಿಗ್ಗೆ ಕುಡಿಸಿದ ಚಹಾ ಅವನ ಮೂಗಿನಿಂದ ಹೊರಗೆ ಬಂತು. "ಬ್ಯಾಡ" ಎಂದ ಧ್ವನಿ ಮೂಗಿನಲ್ಲಿ ಕೇಳಿಸಿತು. ವಿಜಯಶ್ರೀ ಹೆದರಿ, ಅತ್ತೆಯನ್ನೂ ಕೇಳದೆ, ಹಿತ್ತಲ ಗೋಡೆಯ ಆಚೆಗಿದ್ದ ಖುರ್ಷೀದ್ ಬೇಗಂರನ್ನು ಕೂಗಿದಳು. ಅವರು ಸರಕಾರಿ ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ಊರಿನ ಅರ್ಧ ಜನರನ್ನು ಹುಟ್ಟಿಸಿದ್ದೇ ತಾವೆಂದು ಬೈಯುವ ಹಕ್ಕು ಉಳಿಸಿಕೊಂಡಿದ್ದರು. ಬಂದವರೇ ಮೊದಲು ಗೋಣಿಚೀಲ ಕಿತ್ತೊಗೆದರು. ಮೊಣಕಾಲ ಕೆಳಗೆ ಬೆರಳಿನಿಂದ ತಟ್ಟಿದರು. ಕಾಲು ಅಲುಗಲಿಲ್ಲ.

"ಲಕ್ವಾ ಒಂದ ಕಡೆ ಆಗ್ತದ, ಸೂಗಮ್ಮ. ಇದು ಎರಡೂ ಕಡೆ ಅದ, ಕೆಳಗಿಂದ ಮ್ಯಾಲ ಏರಾಕತ್ತದ. ಯಾ ಡಾಕ್ಟರಿಗೆ ತೋರಿಸೀರಿ?"

ಗುರುಶಾಂತ ಕಣ್ಣು ಮುಚ್ಚಿಕೊಂಡ. ವಿಜಯಶ್ರೀ ಒಂದು ಕ್ಷಣ ಗೂಟದ ಕಡೆ ನೋಡಿದಳು. ಆಮೇಲೆ ಎದ್ದು ಅಂಗಿಯ ಜೇಬಿಗೆ ಕೈ ಹಾಕಿ, "ಇದೇನರ ಅದನೋ ನೋಡ್ರಿ" ಎಂದು, ಆಗತಾನೇ ಸಿಕ್ಕಿತೆಂಬಂತೆ, ಚೀಟಿ ತೆಗೆದುಕೊಟ್ಟಳು.

ಖುರ್ಷೀದ್ ಬೇಗಂ ಕನ್ನಡಕ ಏರಿಸಿ ಇಂಗ್ಲಿಷು, ಕನ್ನಡ ಎರಡನ್ನೂ ಓದಿದರು. ತಾರೀಖು ನೋಡಿದರು. ಅವರಿಗೆ ಬಂದ ಸಿಟ್ಟಿಗೆ ಓಣಿಯೇ ಬಾಗಿಲಿಗೆ ಬಂತು.

"ಬುಧವಾರದ ಚೀಟಿ! ಬರೂ ಹುಣಿವಿ ಮಟಾ ಇಟ್ಟಕೊಂಡು ಪೂಜಾ ಮಾಡೋರಿದ್ರೇನು? ನರಾ ಅಂತ ಬರದಾರ, ಕಣ್ಣ ಕಾಣಲಿಲ್ಲಾ?"

ಸೂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಆಪಾ, ಹಳ್ಳೂಕ ಅನ್ರಿ. ಮಂದಿ ಕೇಳ್ತಾರ."

"ಕೇಳಲಿ! ನರಾ ಅಂದ್ರ ಅದೊಂದೇ ಅಲ್ಲ! ತಲಿಯಿಂದ ಉಂಗುಟದ ತನಕ ಮೈತುಂಬ ನರಾ ಆವ. ಉಸಿರ ಆಡಸೂದೂ ನರಾನೇ. ಅದು ನಿಂತರ ಏನ ಮಾಡ್ತಿ? ಬದ್ರುದ್ದೀನ್, ಜೀಪ ತಗಿ!"

ಬದ್ರುದ್ದೀನ್ ಅವರ ಮಗ. ಹೆದ್ದಾರಿಯ ಸಸ್ತಾಪುರ ಬಂಗಲಾ ಕ್ರಾಸಿಗೆ ಜೀಪಿನಲ್ಲಿ ಸವಾರಿ ಹೊಡೆಯುತ್ತಿದ್ದ. ಸೀಟಿನ ಮೇಲೆ ಹಾಸಿಗೆ ಹಾಕಿ ಗುರುಶಾಂತನನ್ನು ಮಲಗಿಸಿದರು. ಹೊರಡುವ ಮೊದಲು ಖುರ್ಷೀದ್ ಬೇಗಂ ವಿಜಯಶ್ರೀಗೆ ಒಂದು ಕೆಲಸ ಹೇಳಿಕೊಟ್ಟರು. ಒಂದೇ ಉಸಿರಿನಲ್ಲಿ ಅವನಿಂದ ಒಂದು, ಎರಡು ಎಂದು ಎಣಿಕೆ ಮಾಡಿಸಬೇಕು. ಎಷ್ಟರ ತನಕ ಹೋಗುತ್ತಾನೆ ನೋಡುತ್ತಿರಬೇಕು. ಹತ್ತಕ್ಕಿಂತ ಕೆಳಗೆ ಇಳಿದರೆ ಚಹಾಕ್ಕೂ ಜೀಪು ನಿಲ್ಲಿಸಕೂಡದು.

ಕಲ್ಯಾಣದಲ್ಲಿ ಅವನು ಹತ್ತೊಂಬತ್ತಕ್ಕೆ ನಿಂತ. ಉಮರ್ಗಾದಲ್ಲಿ ಹದಿಮೂರು. ಜಳಕೋಟ ದಾಟುವಾಗ ಹತ್ತು ಎಂದು ಹೇಳಲು ಹೋಗಿ ಒಂಬತ್ತರಲ್ಲೇ ಸಾಕಾಯಿತು. ವಿಜಯಶ್ರೀ ಜೀವಮಾನದಲ್ಲಿ ಅಷ್ಟು ಭಯಪಟ್ಟಿರಲಿಲ್ಲ. ನಳದುರ್ಗದ ಹತ್ತಿರ ಅವನು ಎಣಿಕೆ ಬಿಟ್ಟು ಬೇರೇನೋ ಹೇಳಲು ಬಾಯಿ ತೆರೆದ. ಅವಳು ಬಾಗಿದಳು. "ವಿಜೀ... ಅದು..." ಅಷ್ಟಕ್ಕೇ ಉಸಿರು ಮುಗಿಯಿತು. ಅವಳು, "ಏನೂ ಹೇಳಬ್ಯಾಡ್ರಿ, ಬರೇ ಎಣಸ್ರಿ" ಎಂದು ಅಳುತ್ತ ಗದರಿದಳು. ಸೋಲಾಪುರದ ದವಾಖಾನೆಯ ಬಾಗಿಲಿಗೆ ಬಂದಾಗ ನಾಲ್ಕು.

ಅಲ್ಲಿ ಗಂಟಲಿಗೆ ನಳಿಗೆ ಇಳಿಸಿ ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸಿದರು. ಡಾಕ್ಟರು ರೋಗದ ಹೆಸರು ಹೇಳಿದರು, 'ಗಿಲನ್ ಬ್ಯಾರೆ'; ಭೇದಿಯಂಥದ್ದು ಬಂದು ಹೋದ ಮೇಲೆ ಕೈಕಾಲಿನ ನರಗಳ ಮೇಲೆ ಬೀಳುವ ರೋಗ. ಎರಡು ದಿನದ ಮೇಲೆ ಬಂದ ಸೂಗಮ್ಮ, "ಏನ ಅಂದ್ರು?" ಎಂದು ಕೇಳಿದಳು. "ಬ್ಯಾರೆ ಅಂದ್ರು" ಎಂದಳು ವಿಜಯಶ್ರೀ. "ಬ್ಯಾರೆ ಅಂದ್ರ ಯಾ ಬ್ಯಾರೆ?" ಎಂದು ಮುದುಕಿ ಕೇಳಿದ್ದೇ ಕೇಳಿದ್ದು. ಕೊನೆಗೆ, ಲಕ್ವಾ ಬ್ಯಾರೆ, ಇದು ಬ್ಯಾರೆ ಎಂದು ತಾನೇ ಅರ್ಥ ಮಾಡಿಕೊಂಡು ಸುಮ್ಮನಾದಳು. ಡಾಕ್ಟರು ಇನ್ನೊಂದು ಮಾತು ಹೇಳಿದ್ದರು, ಅದನ್ನು ವಿಜಯಶ್ರೀ ಯಾರಿಗೂ ಹೇಳಲಿಲ್ಲ. ಎರಡು ದಿನ ಮೊದಲು ತಂದಿದ್ದರೆ ನಳಿಗೆ ಹಾಕುವ ಪ್ರಸಂಗ ಬರುತ್ತಿರಲಿಲ್ಲವೇನೋ, ಕೈಗಳೂ ಇಷ್ಟು ಹೋಗುತ್ತಿರಲಿಲ್ಲವೇನೋ ಎಂದಿದ್ದರು. ಬುಧವಾರ ಒಂದು, ಗುರುವಾರ ಒಂದು. ಗುರುವಾರ ತನ್ನದು ಎಂದು ಅವಳ ಎದೆಯಲ್ಲಿ ಅಂದೇ ಕೂತಿತು.

ಗುರುಶಾಂತ ಇಪ್ಪತ್ತಾರು ದಿನ ಯಂತ್ರದ ಮೇಲಿದ್ದ. ಬುದ್ಧಿ ಚುರುಕಾಗಿಯೇ ಇತ್ತು. ಆದರೆ ರೆಪ್ಪೆ ಬಿಟ್ಟರೆ ಮೈಯಲ್ಲಿ ಏನೂ ಅವನ ಮಾತು ಕೇಳುತ್ತಿರಲಿಲ್ಲ. ವಿಜಯಶ್ರೀ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಅಕ್ಷರಮಾಲೆ ಬರೆದಳು. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಿಡಬೇಕು, ಬೇಕಾದದ್ದು ಬಂದಾಗ ಅವನು ಕಣ್ಣು ಮುಚ್ಚಬೇಕು. ಮೊದಲ ದಿನ ಅರ್ಧ ತಾಸು ಹೆಣಗಿ ಅವನು ಹೇಳಿದ್ದು 'ಣ', 'ತ', 'ಪ'. ತಪವೇ? ಯಾರ ತಪ? ಏನೂ ತಿಳಿಯದೆ ಅವಳು ಕಂಗಾಲಾದಳು. ಅವನ ಕಣ್ಣು ಒಂದೇ ಸಮನೆ ಕ್ಯಾಲೆಂಡರಿನ 'ಣ'ದ ಮೇಲೆ ನಾಟಿತ್ತು. ಒತ್ತಕ್ಷರ ಹೇಳಲು ಬಾರದ್ದಕ್ಕೆ ಆ ಮನುಷ್ಯ ಹಾಗೆ ಹೇಳಿದ್ದ: ಅವಳು ಬರೆದ 'ಣ' ತಪ್ಪು, ಸುಳಿ ಸರಿಯಾಗಿಲ್ಲ. ಸಾವಿನ ಬಾಗಿಲಲ್ಲಿ ಮಲಗಿ ಹೆಂಡತಿಯ ಅಕ್ಷರ ತಿದ್ದುವವನಿಗೆ ಏನೆನ್ನಬೇಕು? ಅವಳು ನಕ್ಕುಬಿಟ್ಟಳು. ಮರಾಠಿ ನರ್ಸಮ್ಮ ಬಂದು ಬೈದು ಹೋದಳು.

ಅಂಥ ಒಂದು ದಿನ ಅವನು ಬಹಳ ಕಷ್ಟಪಟ್ಟು 'ನನದ ತಪ' ಎಂದ. ಈ ಸಲ ಅವಳಿಗೆ ತಕ್ಷಣ ತಿಳಿಯಿತು. ನಂದೇ ತಪ್ಪು ಎನ್ನುತ್ತಿದ್ದ, ಚೀಟಿ ಮುಚ್ಚಿಟ್ಟದ್ದು ತನ್ನ ತಪ್ಪು. ಅವನ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. ವಿಜಯಶ್ರೀಯ ನಾಲಿಗೆಯ ತುದಿಗೆ ಬಂದಿತ್ತು: ನಾನೂ ಗುರುವಾರವೇ ಓದಿದ್ದೆ, ನಾನೂ ಮುಚ್ಚಿಟ್ಟೆ. ಆದರೆ ಸಿಟ್ಟು ಬಂದರೆ ಮುಖ ಆಚೆ ತಿರುಗಿಸಲೂ ಬಾರದವನಿಗೆ ಅದನ್ನು ಹೇಳುವುದು ಅನ್ಯಾಯವೆನಿಸಿತು. ಗುಣವಾಗಲಿ, ಮಾತು ಬರಲಿ, ಆಗ ಹೇಳಿದರಾಯಿತು ಎಂದು ಕಣ್ಣೊರೆಸಿದಳು.

ಮಾತು ಬಂತು. ಮನೆಗೆ ಬಂದರು. ಮೊದಲು ಕೂತ, ಮುಂದಿನ ದೀಪಾವಳಿಗೆ ಕೋಲು ಹಿಡಿದು ನಡೆದ. ಪಾದ ಮಾತ್ರ ಕೊನೆಯವರೆಗೂ ನೆಲ ಕೆರೆಯುತ್ತಲೇ ಉಳಿಯಿತು. ಬಲಗೈಯ ಹೆಬ್ಬೆರಳಿಗೆ ಬಲ ವಾಪಸು ಬರಲಿಲ್ಲ. ಬ್ರಷ್ಷು ಹಿಡಿಯುತ್ತಿದ್ದದ್ದೇ ಆ ಬೆರಳಿನಿಂದ. ಎರಡು ವರ್ಷ ಎಡಗೈಯಲ್ಲಿ ಮಣೆಯ ಮೇಲೆ ಅಕ್ಷರ ತಿದ್ದಿದ. ಏಣಿ ಹತ್ತುವ ಕೆಲಸ ಹೋಯಿತು. ಕಟ್ಟೆಯ ಮೇಲೆ ಕೂತು ಗಾಡಿಗಳ ನಂಬರು, ಹಾಲಿನ ಕ್ಯಾನಿನ ಹೆಸರು ಬರೆಯುವುದು ಉಳಿಯಿತು. ವಿಜಯಶ್ರೀಯ ಹೊಲಿಗೆ ಮಿಶನ್ ಮನೆ ನಡೆಸಿತು. ಅವಳು ಚೀಟಿಯ ವಿಷಯ ಹೇಳುವ ದಿನವನ್ನು ಮುಂದೆ ಹಾಕುತ್ತಲೇ ಬಂದಳು. ಇವತ್ತು ಬೇಸರದಲ್ಲಿದ್ದಾನೆ, ಬೇಡ. ಇವತ್ತು ಖುಷಿಯಲ್ಲಿದ್ದಾನೆ, ಯಾಕೆ ಕೆಡಿಸಬೇಕು? ಹೀಗೆ ನೆಪ ಹುಡುಕುವವರಿಗೆ ವರ್ಷದಲ್ಲಿ ಮುನ್ನೂರರವತ್ತೈದು ದಿನವೂ ಒದಗಿ ಬರುತ್ತವೆ. ಅವಳನ್ನು ಬೈಯಲು ಮನಸ್ಸಾಗುವುದಿಲ್ಲ.

ಈ ನಡುವೆ ಒಂದು ಮೋಜು ಶುರುವಾಗಿತ್ತು. ಪೇಂಟರ್ ಗುರುಶಾಂತನಿಗೆ ನರದ ರೋಗ ಬಂದು ಗುಣವಾಯಿತಂತೆ ಎಂದು ಸುತ್ತ ಹಳ್ಳಿಗೆಲ್ಲ ಹಬ್ಬಿ, ಗಂಡಸರು ಟವಲ್ಲಿನಲ್ಲಿ ಮುಖ ಮರೆಸಿಕೊಂಡು ಕಟ್ಟೆಗೆ ಬಂದು, ಯಾವ ಔಷಧ ತಗೊಂಡ್ರಿ ಎಂದು ಪಿಸುಗುಡುತ್ತಿದ್ದರು. ಗುರುಶಾಂತ ಬೀದಿಗೆಲ್ಲ ಕೇಳುವಂತೆ, "ಯಾ ನರಾ? ಮೊದಲ ಅದನ್ನ ಹೇಳು!" ಎನ್ನುತ್ತಿದ್ದ. ಅರ್ಧ ಜನ ಅಲ್ಲಿಂದಲೇ ಓಟ ಕೀಳುತ್ತಿದ್ದರು. ಲಾಡ್ಜಿನ ವೈದ್ಯನಿಗೆ ಅವನಿಂದಾದಷ್ಟು ನಷ್ಟ ಇನ್ನಾರಿಂದಲೂ ಆಗಿರಲಿಕ್ಕಿಲ್ಲ.

ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ ಮುಡಬಿಯಿಂದ ಸುಗಂಧಾ ಎಂಬ ಹೆಂಗಸು ಬಂದಳು. ಗಂಡನ ಹೆಸರು ಉತ್ತಮ, ಕೂಲಿ ಮಾಡುವವ, ಮೂವತ್ತರ ಪ್ರಾಯ. ಅವಳೂ ವಿಜಯಶ್ರೀಯನ್ನು ಒಳಗೆ ಕರೆದು ತಗ್ಗಿದ ದನಿಯಲ್ಲೇ ಹೇಳಿದಳು. "ಬಾಯೀ, ನಿನ್ನಿ ಸಂಜಿಯಿಂದ ಅವರ ಕಾಲ ಜೋಮ ಹಿಡದಾವ. ಈಗ ಕೂತರ ಏಳಾಕ ಬರವಲ್ದು. ದವಾಖಾನ್ಯಾಗ ನರಾ ಅಂದ್ರಂತ, ಅವರು ಯಾರಿಗೂ ಹೇಳಬ್ಯಾಡ ಅಂದಾರ."

ವಿಜಯಶ್ರೀ ಮಿಶನ್ನಿನ ಮೇಲಿನ ಬಟ್ಟೆ ಅಲ್ಲೇ ಬಿಟ್ಟು ಗಂಡನನ್ನು ಕರೆದಳು. ಗುರುಶಾಂತ ಕೋಲು ಹಿಡಿದು ಬದ್ರುದ್ದೀನನ ಜೀಪಿಗೆ ತಾನೇ ಮೊದಲು ಹತ್ತಿದ. ಮುಡಬಿಗೆ ಹೋಗಿ, ನಾಚಿಕೊಂಡು ಮಲಗಿದ್ದ ಉತ್ತಮನನ್ನು ಹಾಸಿಗೆಸಮೇತ ಎತ್ತಿಸಿ, ದಾರಿಯುದ್ದಕ್ಕೂ ಅವನಿಂದ ಎಣಿಕೆ ಮಾಡಿಸುತ್ತ, ಸಂಜೆಯೊಳಗೆ ಸೋಲಾಪುರ ಮುಟ್ಟಿಸಿದ. ಉತ್ತಮ ಇಪ್ಪತ್ತೆರಡಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ನಳಿಗೆ ಬೇಕಾಗಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಉತ್ತಮ ಹಸಿ ಕಡಲೆಗಿಡದ ಕಟ್ಟು ಹೊತ್ತು ಬಂದ. ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದ. ಎರಡೂ ಕೈಯಿಂದ ಗುರುಶಾಂತನ ಕಾಲು ಮುಟ್ಟಲು ಬಾಗಿದ. ಬೈಸಿಕೊಂಡು, ಚಹಾ ಕುಡಿದು, ಹೊರಟ. ಮನೆಯ ಮುಂದೆ ಚರಂಡಿಯ ಅಗಲವಾದ ನಾಲಿ ಹರಿಯುತ್ತಿತ್ತು. ಅದರ ಮೇಲಿನ ಹಾಸುಗಲ್ಲಿನ ಕಡೆಗೆ ಹೋಗದೆ, ನಿಂತಲ್ಲಿಂದಲೇ ಹಾರಿ ದಾಟಿ ಹೋದ.

ಗುರುಶಾಂತ ಆ ನಾಲಿಯನ್ನೇ ನೋಡುತ್ತ ಕೂತಿದ್ದ. ವಿಜಯಶ್ರೀ ಪಕ್ಕದಲ್ಲಿ ಕಡಲೆ ಸುಲಿಯುತ್ತಿದ್ದಳು.

"ನೋಡಿದ್ಯಾ ಹ್ಯಾಂಗ ಜಿಗದ?" ಎಂದ. "ಖುಷಿ ಆಗಬೇಕು ನಂಗ. ಆಗ್ಯಾದ, ಖರೇ. ಆದರ ಹೊಟ್ಟಿ ಉರಿಯಾಕತ್ತದ ವಿಜೀ. ಎರಡ ದಿನ. ಬರೇ ಎರಡ ದಿನ ನಾ ಬಾಯಿ ಬಿಟ್ಟಿದ್ರ ಈ ಕೈ ಇರತಿತ್ತು. ನಿನ್ನ ಬಾಳೂ ನಾನೇ ಹಾಳ ಮಾಡ್ದೆ."

ಆರು ವರ್ಷದಲ್ಲಿ ಇದನ್ನು ಅವನು ಎಷ್ಟು ಸಲ ಒಳಗೊಳಗೇ ಅಂದುಕೊಂಡಿದ್ದನೋ. ವಿಜಯಶ್ರೀಗೆ ಇನ್ನು ತಡೆಯಲಾಗಲಿಲ್ಲ.

"ಎರಡೂ ನಿಮ್ಮವಲ್ಲರಿ. ಅದರಾಗ ಒಂದು ನಂದು."

ಅವನು ತಿರುಗಿ ನೋಡಿದ. ಅವಳು ತಲೆ ತಗ್ಗಿಸಿ, ಕಡಲೆ ಸುಲಿಯುತ್ತಲೇ, ಎಲ್ಲ ಹೇಳಿದಳು. ಬಚ್ಚಲ ಕಲ್ಲು, ನಾಲ್ಕು ಮಡಿಕೆ, ಮತ್ತೆ ಗೂಟ. "ಗ್ವಾಡಿ ಮ್ಯಾಲ ನೀವು ಬರಿತಿದ್ರಲ್ಲ, ಅದೇ ಅಂತ ತಿಳಕೊಂಡೆ. ನಿಮ್ಮ ಮರ್ಯಾದಿ ಉಳಸ್ತೀನಿ ಅಂದಕೊಂಡೆ."

ಗುರುಶಾಂತನ ಮುಖ ಕೆಂಪಾಯಿತು. ಕೋಲಿಗೆ ಕೈ ಹಾಕಿದ. ಏಳುತ್ತಾನೆ, ಎದ್ದು ಹೋಗುತ್ತಾನೆ, ಇನ್ನು ತನ್ನ ಜೊತೆ ಮಾತಾಡುವುದಿಲ್ಲ ಎಂದು ವಿಜಯಶ್ರೀ ಕಾದಳು. ಅವನು ಕೋಲನ್ನು ಹಿಡಿದುಕೊಂಡೇ ಕೂತ.

"ಆ ಒಂದ ದಿನದ್ದು ಬಿಡು" ಎಂದ ಕೊನೆಗೆ. "ನಾನೂ ಹಂಗ ಮಾಡೀನಿ, ನಿನ್ನ ಏನ ಕೇಳಲಿ? ಆದರ ಆರು ವರ್ಷ, ವಿಜೀ. ಆರು ವರ್ಷ ಎರಡೂ ದಿನ ನಾ ಒಬ್ಬನೇ ಹೊತ್ತೀನಲ್ಲಾ. ನಿನ್ನ ಪಾಲಿಂದು ನೀ ಇಳಿಸಿಗೋಬೇಕಿತ್ತಿಲ್ಲಾ?"

ವಿಜಯಶ್ರೀ ಮಡಿಲಿನ ಕಡಲೆಯನ್ನೆಲ್ಲ ನೆಲಕ್ಕೆ ಚೆಲ್ಲಿ, ಓಣಿಯವರು ನೋಡುತ್ತಾರೆಂಬ ಎಚ್ಚರವೂ ಇಲ್ಲದೆ, ಅವನ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು.